ಸ್ಟೀರಿಂಗ್ ಲೂಸಾಗಿದೆ, ಇನ್ನೊಂದು ಸಲ ಅಲೈನ್‌ಮೆಂಟ್ ಮಾಡಿಸಲಾ?

ಪ್ರಶ್ನೆ: ಸರ್, ನನ್ನ ಕಾರಿಗೆ 9 ವರ್ಷ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ವಾರಕ್ಕೆರಡು ಸಲ ಓಡಾಡುತ್ತೇನೆ. 80 ದಾಟಿದರೆ ಗಾಡಿ ಅತ್ತಿತ್ತ ಓಲಾಡುತ್ತದೆ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಚಕ್ರಕ್ಕೆ ಗೊತ್ತೇ ಆಗುವುದಿಲ್ಲ. ಎರಡು ಸಲ ಅಲೈನ್‌ಮೆಂಟ್ ಆಯಿತು. ಬೇರೆ ಕಡೆ ಇನ್ನೊಂದು ಸಲ ಮಾಡಿಸಲಾ?

ಬೇಡ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಪ್ರತಿ ತಿಂಗಳು ಬರುತ್ತದೆ, ಕಾರಿನ ಹೆಸರು ಮಾತ್ರ ಬೇರೆ. ಸ್ಟೀರಿಂಗ್ ಅಂದ ಕೂಡಲೇ ಅಲೈನ್‌ಮೆಂಟ್ ಅನ್ನುವ ರೂಢಿ ನಮ್ಮ ಜನಕ್ಕೆ ಯಾಕೆ ಅಂಟಿತೋ!

ಅಲೈನ್‌ಮೆಂಟ್ ಅಂದರೆ ಚಕ್ರಗಳು ಯಾವ ಕೋನದಲ್ಲಿ ನಿಂತಿವೆ ಎಂದು ಅಳೆದು ಕೂರಿಸುವುದು, ಅಷ್ಟೇ. ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಬ ಕಂಬಿಯ ತಿರುಪನ್ನು ತಿರುಗಿಸಿ ಮುಂದಿನ ಎರಡು ಚಕ್ರಗಳನ್ನು ನೆಟ್ಟಗೆ ಮಾಡುತ್ತಾರೆ. ಆದರೆ ಆ ರಾಡ್‌ನ ತುದಿಯಲ್ಲಿ ಒಂದು ಗುಂಡು, ಅದಕ್ಕೊಂದು ಗೂಡು ಇದೆ. ಗೂಡು ಸವೆದಿದ್ದರೆ ಗುಂಡು ಒಳಗೆ ಅಲ್ಲಾಡುತ್ತದೆ. ಆಗ ಅಲೈನ್‌ಮೆಂಟ್ ಮಾಡಿಸುವುದು, ಬುಡ ಅಲ್ಲಾಡುವ ಕಂಬಕ್ಕೆ ಗಾರೆಯವರು ತೂಗುಗುಂಡು ಹಿಡಿದ ಹಾಗೆ. ಹಿಡಿದಾಗ ನೆಟ್ಟಗಿರುತ್ತದೆ, ಕೈ ಬಿಟ್ಟರೆ ಮತ್ತೆ ವಾಲುತ್ತದೆ. ಅಲೈನ್‌ಮೆಂಟ್ ಯಂತ್ರದ ಪರದೆಯ ಮೇಲೆ ಎಲ್ಲಾ ಹಸಿರು ಬಂತು ಅಂತೀರಿ. ಬರಲೇಬೇಕಲ್ವಾ, ಗಾಡಿ ನಿಂತಿತ್ತು. ಹೊರಗೆ ಬಂದು ಮೊದಲ ಗುಂಡಿ ಹತ್ತಿಳಿದ ಮೇಲೆ ಆ ಅಳತೆ ಎಲ್ಲಿರುತ್ತದೆ?

"ಆದರೂ ಮಾಡಿಸಿದ ಮೇಲೆ ಒಂದು ವಾರ ಚೆನ್ನಾಗಿತ್ತು" ಎಂಬ ವಾದ ಇದ್ದೇ ಇದೆ. ಅಲೈನ್‌ಮೆಂಟ್‌ಗೆ ಮೊದಲು ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ತುಂಬುತ್ತಾರೆ. ಗಾಳಿ ಕಡಿಮೆ ಇದ್ದರೆ ಒಳ್ಳೆಯ ಕಾರೂ ಓಲಾಡುತ್ತದೆ. ನಿಮಗೆ ಸಿಕ್ಕ ಸುಖ ಬಹುಶಃ ಆ ಗಾಳಿಯದ್ದು. ಬಂಕಿನಲ್ಲಿ ಪುಕ್ಕಟೆ ಸಿಗುತ್ತಿತ್ತು.

ಅಲೈನ್‌ಮೆಂಟ್ ದಂಡ ಅಂತ ನಾನು ಹೇಳುತ್ತಿಲ್ಲ. ಚಕ್ರಗಳು ಹೊರಗೆ ಮುಖ ಮಾಡಿದ್ದರೂ ಗಾಡಿ ಅಲೆಯುತ್ತದೆ. ಆದರೆ ಕೈಗೆ ಸಿಗುವ ಪ್ಲೇ, ಅಂದರೆ ಸ್ಟೀರಿಂಗ್‌ನ ಸಡಿಲ, ಅದರಿಂದ ಬರುವುದಿಲ್ಲ, ಹೋಗುವುದೂ ಇಲ್ಲ. ಸವೆದ ಸಾಮಾನು ಮೊದಲು ಬದಲಾಗಲಿ, ಅಲೈನ್‌ಮೆಂಟ್ ಕೊನೆಗೆ.

ಸಾಮಾನು ಯಾವುದು ಅಂತ ಹುಡುಕಲು ಇಬ್ಬರು ಸಾಕು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಡಿ. ಒಬ್ಬರು ಎರಡು ಬೆರಳಲ್ಲಿ ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿಸಲಿ, ಇನ್ನೊಬ್ಬರು ಮುಂದಿನ ಟೈರ್ ನೋಡಲಿ. ಟೈರ್ ಕದಲುವ ಮೊದಲು ಸ್ಟೀರಿಂಗ್‌ನ ಅಂಚು ಎಷ್ಟು ಸರಿಯಿತೋ ಅದೇ ಪ್ಲೇ. ಹೆಚ್ಚಿನ ಕಾರುಗಳಿಗೆ ಸುಮಾರು 30 ಮಿ.ಮೀ. ತನಕ ಪರವಾಗಿಲ್ಲ. ಜಾಸ್ತಿ ಇದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ, ಹೀಗೇ ಆಡಿಸುತ್ತಾ ಟೈ ರಾಡ್ ಎಂಡ್, ರ‍್ಯಾಕ್ (ಸ್ಟೀರಿಂಗ್ ತಿರುಗಿಸಿದಾಗ ಎಡಬಲ ಸರಿಯುವ ಹಲ್ಲಿನ ಕಂಬಿ) ಎಂಡ್, ರ‍್ಯಾಕ್ ಬುಶ್, ಪೆಡಲ್ ಹತ್ತಿರದ ಸ್ಟೀರಿಂಗ್ ಜಾಯಿಂಟ್ ಇವಕ್ಕೆ ಕೈ ಇಟ್ಟು ನೋಡಲು ಹೇಳಿ. ಸವೆದದ್ದು ಟಕ್ ಟಕ್ ಎಂದು ಕೈಗೆ ಬಡಿಯುತ್ತದೆ. ಜಾಯಿಂಟ್ ಮೇಲಿನ ರಬ್ಬರ್ ಹೊದಿಕೆ ಹರಿದು ಗ್ರೀಸ್ ಹೊರಬಂದಿದ್ದರೆ ಅನುಮಾನ ಅಲ್ಲಿಂದಲೇ ಶುರುವಾಗಲಿ.

ಆಮೇಲೆ ಚಕ್ರ ಜಾಕ್ ಮೇಲೆ. ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಟೈ ರಾಡ್ ಕಡೆ ನೋಡಿ. 12 ಮತ್ತು 6ರಲ್ಲೂ ಆಡಿದರೆ ಚಕ್ರದ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರವನ್ನು ಹಿಡಿದಿಡುವ ಗುಂಡು-ಗೂಡಿನ ಕೀಲು). ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಎಲ್ಲೂ ಪ್ಲೇ ಸಿಗದಿದ್ದರೆ ಲೋವರ್ ಆರ್ಮ್ ಬುಶ್ (ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳತೋಳಿನ ರಬ್ಬರ್) ಮತ್ತು ಟೈರ್ ನೋಡಿಸಿ.

ಇನ್ನೊಂದು ವಿಷಯ ಯಾರೂ ಕೇಳಿಲ್ಲ, ಹೇಳಿಬಿಡುತ್ತೇನೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಶ್ಚಿಮದ ಗಾಳಿ ನಮ್ಮ ಹೆದ್ದಾರಿಗೆ ಅಡ್ಡ ಬೀಸುತ್ತದೆ. ಲಾರಿ ಹಿಂದಿಕ್ಕುವಾಗ ಅದರ ಮರೆಯಿಂದ ಹೊರಬಂದ ಕೂಡಲೇ ಕಾರು ಪಕ್ಕಕ್ಕೆ ಜಗ್ಗುತ್ತದೆ. ಅದು ಗಾಡಿಯ ದೋಷ ಅಲ್ಲ. ಗಾಳಿ ತಳ್ಳಿದರೆ ಒಂದೇ ಕಡೆಗೆ ತಳ್ಳುತ್ತದೆ, ಬಿಟ್ಟು ಬಿಟ್ಟು ತಳ್ಳುತ್ತದೆ. ಗಾಳಿ ನಿಂತ ಬೆಳಗಿನ ಜಾವ ಅದೇ ದಾರಿಯಲ್ಲಿ 60ರಲ್ಲಿ ಹೋಗಿ ನೋಡಿ, ಆಗಲೂ ಓಲಾಡಿದರೆ ದೋಷ ಗಾಡಿಯದೇ. ಮೇಲಿನ ಕ್ಯಾರಿಯರ್‌ಗೆ ಮೂಟೆ ಕಟ್ಟಿದ್ದರೆ ಇಳಿಸಿಯೇ ಹೊರಡಿ.