ಪಾರ್ಕಿನ್ ಬಂದು ಕೂತರೆ ಮೈಟೊಫಜಿ ಆದಂತೆಯೇ? ಯೂಲ್ ಪ್ರಯೋಗದ ಟಿಪ್ಪಣಿ

ಕೆಟ್ಟ ಮೈಟೊಕಾಂಡ್ರಿಯಾವನ್ನು ಕೋಶವೇ ಆರಿಸಿ, ಪೊರೆಯಲ್ಲಿ ಸುತ್ತಿ, ಕೋಶದ ಜೀರ್ಣಚೀಲವಾದ ಲೈಸೊಸೋಮ್‌ಗೆ ಒಪ್ಪಿಸುವುದು ಮೈಟೊಫಜಿ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ರಿಚರ್ಡ್ ಯೂಲ್ ತಂಡ 2008ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಓದು ಶುರುಮಾಡುವುದು ಒಳ್ಳೆಯದು. ಲ್ಯಾಬಿನಲ್ಲಿ ಬೆಳೆಸುವ ಹೀಲಾ ಎಂಬ ಕ್ಯಾನ್ಸರ್ ಕೋಶಗಳಲ್ಲಿ ಪಾರ್ಕಿನ್ (ಬೇರೆ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಗುರುತಿನ ಪ್ರೋಟೀನ್ ಕಟ್ಟುವ ಕಿಣ್ವ) ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹಳದಿ ಬೆಳಕು ಸೂಸುವ ಪ್ರೋಟೀನ್ ಅಂಟಿಸಿದ ಪಾರ್ಕಿನ್ನನ್ನು ಹೊರಗಿನಿಂದ ಕೊಟ್ಟರು. 10 ಮೈಕ್ರೊಮೋಲಾರ್ ಸಿಸಿಸಿಪಿ ಎಂಬ ರಾಸಾಯನಿಕ ಹಾಕಿ ಮೈಟೊಕಾಂಡ್ರಿಯಾದ ಪೊರೆಯ ವಿಭವ (ಪೊರೆಯ ಎರಡು ಬದಿಯ ನಡುವಿನ ವಿದ್ಯುತ್ ವ್ಯತ್ಯಾಸ) ಕೆಡಿಸಿದಾಗ, ಕೋಶದ್ರವದಲ್ಲೆಲ್ಲ ಹರಡಿದ್ದ ಪಾರ್ಕಿನ್ ಸುಮಾರು ಒಂದು ಗಂಟೆಯಲ್ಲಿ ಮೈಟೊಕಾಂಡ್ರಿಯಾದ ಮೇಲೆ ಬಂದು ಕೂತಿತು. 48 ಗಂಟೆಯ ಹೊತ್ತಿಗೆ ಹಲವು ಕೋಶಗಳಲ್ಲಿ ಮೈಟೊಕಾಂಡ್ರಿಯಾವೇ ಉಳಿದಿರಲಿಲ್ಲ.

ಯಾವುದು ಕೆಟ್ಟಿದೆ ಎಂದು ತಿಳಿಸುವುದು ಪಿಂಕ್1 ಎಂಬ ಕಿಣ್ವ. ವಿಭವ ಸರಿಯಿದ್ದರೆ ಪಿಂಕ್1 ಒಳಪೊರೆಯವರೆಗೆ ಹೋಗುತ್ತದೆ, ಅಲ್ಲಿ ಪಾರ್ಲ್ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ, ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಾಸೋಮ್ ಮುಗಿಸುತ್ತದೆ. ವಿಭವ ಬಿದ್ದರೆ ಅದು ಹೊರಪೊರೆಯಲ್ಲೇ ಉಳಿದು ಯುಬಿಕ್ವಿಟಿನ್‌ನ 65ನೇ ಸ್ಥಾನದ ಸೆರಿನ್ ಅಮೈನೊ ಆಮ್ಲಕ್ಕೆ ಫಾಸ್ಫೇಟ್ ಜೋಡಿಸುತ್ತದೆ. ಅದಕ್ಕೆ ಅಂಟಿಕೊಂಡು ಚುರುಕಾದ ಪಾರ್ಕಿನ್ ಇನ್ನಷ್ಟು ಯುಬಿಕ್ವಿಟಿನ್ ಕಟ್ಟುತ್ತದೆ. ಪಿಂಕ್1ಗೆ ಮತ್ತಷ್ಟು ಕೆಲಸ. ಈ ಎರಡರಲ್ಲಿ ಯಾವ ಜೀನ್‌ನ ಎರಡೂ ಪ್ರತಿ ಕೆಟ್ಟರೂ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಕಾಯಿಲೆ ಬರಬಹುದು.

ಲ್ಯಾಬಿನಲ್ಲಿ ಎಡವುವುದು ಅಳತೆಯಲ್ಲಿ. ಪಾರ್ಕಿನ್ ಬಂದು ಕೂತದ್ದು ಗುರುತು ಬಿದ್ದಿದೆ ಎಂಬುದಕ್ಕಷ್ಟೇ ಸಾಕ್ಷಿ. ಮೈಟೊಕಾಂಡ್ರಿಯಾದ ಹೊರಪೊರೆಯ ಪ್ರೋಟೀನಾದ ಟಾಮ್20 ಕಡಿಮೆಯಾದರೂ ಸಾಲದು. ಹೊರಪೊರೆಯ ಪ್ರೋಟೀನುಗಳನ್ನು ಪ್ರೋಟಿಯಾಸೋಮ್ ನೇರವಾಗಿಯೇ ಒಡೆಯುತ್ತದೆ. ಎಚ್‌ಎಸ್‌ಪಿ60ರಂಥ ಮ್ಯಾಟ್ರಿಕ್ಸ್ (ಒಳಪೊರೆಯ ಒಳಗಿನ) ಪ್ರೋಟೀನ್ ಕೂಡ ಇಳಿದಿದೆಯೇ ನೋಡಿ. ಪ್ರೋಟೀನ್ ಅಳೆಯುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಎಲ್‌ಸಿ3-2 (ಸುತ್ತುವ ಪೊರೆಗೆ ಅಂಟಿದ ಪ್ರೋಟೀನ್) ಏರಿದೆ ಎಂದು ಹಿಗ್ಗಬೇಡಿ: ಆಟೊಫಜಿ (ಕೋಶ ತನ್ನದೇ ಭಾಗಗಳನ್ನು ಜೀರ್ಣಿಸುವುದು) ಹೆಚ್ಚಾದರೂ ಅದು ಏರುತ್ತದೆ, ಲೈಸೊಸೋಮ್ ಕಟ್ಟಿಕೊಂಡರೂ ಏರುತ್ತದೆ. ಅದೇ ಮಾದರಿಯ ಒಂದು ಪಾಲಿಗೆ ಲೈಸೊಸೋಮಿನ ಕೆಲಸ ತಡೆಯುವ ಬ್ಯಾಫಿಲೊಮೈಸಿನ್ 100 ನ್ಯಾನೊಮೋಲಾರ್ ಕೊನೆಯ 2–4 ಗಂಟೆ ಕೊಡಿ. ಅದರಿಂದ ಎಲ್‌ಸಿ3-2 ಮತ್ತೂ ಏರಿದರೆ ಹರಿವು ಇದೆ. ಏರದಿದ್ದರೆ ಮೊದಲೇ ತಡೆ ಇತ್ತೆಂದು ಅನುಮಾನಿಸಿ. ಜೆಲ್‌ನಲ್ಲಿ ಎಲ್‌ಸಿ3-2 ಕೆಳಗಿನ ಪಟ್ಟಿ: ಕೊಬ್ಬಿನ ಅಣು ಸೇರಿ ತೂಕ ಹೆಚ್ಚಿದ್ದರೂ ವೇಗವಾಗಿ ಓಡುತ್ತದೆ. ಪ್ರೋಟೀನ್ ಸಣ್ಣದು, 0.45 ಮೈಕ್ರಾನ್ ರಂಧ್ರದ ಬ್ಲಾಟ್ ಹಾಳೆಯಲ್ಲಿ ತೂರಿಹೋಗಬಹುದು, 0.2 ಮೈಕ್ರಾನಿನ ಪಿವಿಡಿಎಫ್ ಹಾಳೆ ಬಳಸಿ.

ಎಂಟಿ-ಕೀಮಾ (ಮೈಟೊಕಾಂಡ್ರಿಯಾದೊಳಗೆ ಇರಿಸುವ ಹೊಳೆಯುವ ಪ್ರೋಟೀನ್) ಬಳಸುವವರು ಕೋಶಗಳನ್ನು ರಾಸಾಯನಿಕದಿಂದ ಫಿಕ್ಸ್ ಮಾಡಲೇಬಾರದು. ಅದು ಓದುವುದೇ ಲೈಸೊಸೋಮಿನ ಆಮ್ಲತೆಯನ್ನು. ಫಾರ್ಮಾಲ್ಡಿಹೈಡ್ ಹಾಕಿದರೆ ಆ ವ್ಯತ್ಯಾಸವೇ ಹೋಗುತ್ತದೆ. ಸಿಸಿಸಿಪಿಯೂ ಲೈಸೊಸೋಮಿನ ಆಮ್ಲತೆ ಕೆಡಿಸಬಲ್ಲದು. ಅದಕ್ಕೇ ಈಗ ಮೈಟೊಕಾಂಡ್ರಿಯಾದ ಕೆಲಸ ತಡೆಯುವ ಆಲಿಗೊಮೈಸಿನ್ ಮತ್ತು ಆಂಟಿಮೈಸಿನ್ ಜೋಡಿಯತ್ತ ಒಲವು.

ಹೀಲಾದ ಫಲಿತಾಂಶವನ್ನು ಹಾಗೇ ಮಿದುಳಿಗೆ ಹೊಂದಿಸುವುದು ಅವಸರ. ಹೀಲಾ ಮೈಟೊಕಾಂಡ್ರಿಯಾದ ನೆರವಿಲ್ಲದೆ ಗ್ಲುಕೋಸ್ ಒಡೆದೇ ಬದುಕಬಲ್ಲದು, ನರಕೋಶಕ್ಕೆ ಅದು ಸಾಧ್ಯವಿಲ್ಲ. ಪಿಂಕ್1 ಇಲ್ಲದ ಇಲಿಗಳ ಮಿದುಳಿನಲ್ಲೂ ದಿನನಿತ್ಯದ ಮೈಟೊಫಜಿ ಬಹುಮಟ್ಟಿಗೆ ನಡೆದೇ ಇರುತ್ತದೆ.