ಕೇಪಳದ ಬುಡದಲ್ಲಿ ಮೊಳೆ ಹೂಳಬೇಡಿ

ಕರಾವಳಿಯ ಗುಡ್ಡೆಗಳಲ್ಲಿ ಕೆಂಪು ಗೊಂಚಲು ಹೂ ಬಿಡುವ ಗಿಡ ಕೇಪಳ. ಅದು ದೈವದ ಹೂವು, ಊರು ಬಿಟ್ಟು ಘಟ್ಟ ಹತ್ತಿದರೆ ಬದುಕುವುದಿಲ್ಲ ಅಂತ ಹೇಳುವವರಿದ್ದಾರೆ. ಬೆಂಗಳೂರಿನ ಮನೆಯಂಗಳದಲ್ಲಿ ಎಲೆ ಹಳದಿಯಾದರೆ ದೃಷ್ಟಿ ತೆಗೆಯುವವರನ್ನೂ ಕಂಡಿದ್ದೇನೆ. ನನಗೆ ನಿಜಕ್ಕೂ ಬೇಸರವಾಗುತ್ತದೆ. ಗಿಡ ತನ್ನ ಕಷ್ಟವನ್ನು ಎಲೆಯಲ್ಲೇ ತೋರಿಸುತ್ತಿದೆ, ಅಲ್ವಾ? ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಅದಕ್ಕೆ ಕಬ್ಬಿಣ ಸಾಲುತ್ತಿಲ್ಲ.

ಹಾಗಂತ ಬುಡದಲ್ಲಿ ತುಕ್ಕು ಹಿಡಿದ ಮೊಳೆ ಹೂಳಿದರೆ ಏನೂ ಆಗದು. ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ, ಕರಗಿದ್ದರೆ ಮಾತ್ರ ಬೇರಿಗೆ ದಕ್ಕುತ್ತದೆ. ಉಗ್ರಾಣದಲ್ಲಿ ಅಕ್ಕಿ ತುಂಬಿದ್ದು ಬಾಗಿಲಿಗೆ ಬೀಗ ಬಿದ್ದ ಹಾಗೆ. ಬೀಗದ ಕೈ ಅಂದರೆ ಹುಳಿ. ಬೇರು ತಾನೇ ಒಂದಿಷ್ಟು ಆಮ್ಲ ಬಿಟ್ಟು ಕಬ್ಬಿಣವನ್ನು ಕರಗಿಸಿಕೊಳ್ಳುತ್ತದೆ. ಹುಣಸೆಹುಳಿ ಹಾಕಿ ತಾಮ್ರದ ಚೊಂಬು ತಿಕ್ಕಿದರೆ ಕಿಲುಬು ಬಿಡುತ್ತದಲ್ಲ, ಹಾಗೆಯೇ. ಅದೇ ಹುಳಿಗೆ ಸುಣ್ಣ ಬೆರೆಸಿ ತಿಕ್ಕಿ ನೋಡಿ, ಕಿಲುಬು ಜಗ್ಗುವುದಿಲ್ಲ. ನಮ್ಮ ಗಡಸು ಬೋರ್‌ವೆಲ್ ನೀರು, ಗೋಡೆಯಿಂದ ಉದುರುವ ಸಿಮೆಂಟು ಮಾಡುವುದು ಇದನ್ನೇ. ಬೇರು ಬಿಟ್ಟ ಹುಳಿಯನ್ನೆಲ್ಲ ಅವು ನುಂಗುತ್ತವೆ. ಮಣ್ಣಿನ ಪಿಎಚ್, ಅಂದರೆ ಹುಳಿ ಕಡಿಮೆಯಾದಂತೆ ಏರುವ ಅಳತೆ, ಒಂದೇ ಒಂದು ಅಂಕ ಮೇಲೇರಿದರೆ, ತುಕ್ಕಿನ ರೂಪದ ಕಬ್ಬಿಣ ಕರಗುವುದು ಸುಮಾರು 1000 ಪಟ್ಟು ಕಡಿಮೆಯಾಗುತ್ತದೆ!

ಕರಾವಳಿಯ ಗುಡ್ಡೆಯಲ್ಲಿ ಈ ತೊಂದರೆ ಇಲ್ಲ. ಲಕ್ಷಾಂತರ ವರ್ಷಗಳ ಮಳೆ ಸುಣ್ಣವನ್ನು ತೊಳೆದು ಕಬ್ಬಿಣವನ್ನು ಉಳಿಸಿದೆ, ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಕೆಂಪಗಿರುವುದು ಅದಕ್ಕೇ. ಕೇರಳದ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಡಿದು ಮನೆ ಕಟ್ಟುವುದನ್ನು ನೋಡಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ 1807ರಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ನಮ್ಮ 'ಜಂಬಿಟ್ಟಿಗೆ'ಯಲ್ಲೂ ಇಟ್ಟಿಗೆ ಇದೆ ನೋಡಿ! ಕೇಪಳಕ್ಕೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ಇಕ್ಸೋರಾ ಕಾಕ್ಸಿನಿಯ. ಈ ಇಕ್ಸೋರಾ ಅನ್ನುವುದು ನಮ್ಮ ಈಶ್ವರನೇ, ಪೋರ್ಚುಗೀಸರ ಬಾಯಲ್ಲಿ ತಿರುಗಿ ಬಂದದ್ದು.

ಗಿಡ ಮಾಡುವುದು ಕಷ್ಟವಲ್ಲ. ಮಳೆಗಾಲದ ಶುರುವಿನಲ್ಲಿ, ತೀರಾ ಎಳೆಯದೂ ಅಲ್ಲದ ಪೂರ್ತಿ ಬಲಿತದ್ದೂ ಅಲ್ಲದ ಪೆನ್ಸಿಲ್ ದಪ್ಪದ ಗೆಲ್ಲನ್ನು ಗಿಣ್ಣಿನ ಕೆಳಗೆ ಕತ್ತರಿಸಿ. ಒಂದು ಗೇಣಿಗಿಂತ ಸ್ವಲ್ಪ ಗಿಡ್ಡ ಇರಲಿ. ಕೆಳಗಿನ ಎಲೆ ಕಿತ್ತು ಮರಳು ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಊರಿ. ನೆರಳಲ್ಲಿಟ್ಟು ಮೇಲೊಂದು ಪ್ಲಾಸ್ಟಿಕ್ ಚೀಲ ಮುಚ್ಚಿ. ಬೇರೇ ಇಲ್ಲದ ತುಂಡು ಎಲೆಯಿಂದ ಆರುವ ನೀರನ್ನು ತುಂಬಿಕೊಳ್ಳಲಾರದು, ಅದಕ್ಕೇ ಈ ಚೀಲ. ತುದಿಯಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಕತ್ತರಿಸಿದ ಜಾಗದಲ್ಲಿ ಬಂದು ನಿಂತು ಬೇರು ಹೊರಡಿಸುತ್ತದೆ. ಒಂದೆರಡು ತಿಂಗಳು ಕಾಯಬೇಕು. ಬೇರು ಬಂತಾ ಅಂತ ದಿನಾ ಕಿತ್ತು ನೋಡಬೇಡಿ, ಎಳೆ ಬೇರು ಮುರಿಯುತ್ತದೆ.

ಆಮೇಲೆ ಸಿಮೆಂಟು ಗೋಡೆಯಿಂದ ದೂರ ನೆಡಿ. ಆದಷ್ಟು ಮಳೆನೀರು ಹಿಡಿದಿಟ್ಟು ಹಾಕಿ. ಆಗಲೂ ಹಳದಿ ಹೋಗದಿದ್ದರೆ ಗೊಬ್ಬರದ ಅಂಗಡಿಯಲ್ಲಿ ಚೀಲೇಟೆಡ್ ಕಬ್ಬಿಣ (ಕರಗಿದ ರೂಪದಲ್ಲೇ ಉಳಿಯುವಂತೆ ಮಾಡಿದ್ದು) ಕೇಳಿ ತಂದು ಎಲೆಗೆ ಸಿಂಪಡಿಸಿ. ಹಳೇ ಹಳದಿ ಎಲೆ ಪೂರ್ತಿ ಹಸಿರಾಗದೇ ಇರಬಹುದು. ಹೊಸ ಚಿಗುರನ್ನು ನೋಡಿ.