ಹಳೆಯ ಟ್ರಕ್ಕಿಗೆ ಎಲ್‌ಇಡಿ ಹಿಂದೀಪ: ಬಲ್ಬ್ ಬದಲಿಸಿದರೆ ಸಾಕೇ?

ಪ್ರಶ್ನೆ: ನನ್ನದು ಹಳೆಯ ಟ್ರಕ್ಕು. ಹಿಂದಿನ ದೀಪಗಳು ಮಂಕಾಗಿವೆ, ಬಲ್ಬುಗಳು ಪದೇ ಪದೇ ಸುಟ್ಟುಹೋಗುತ್ತವೆ. ಹಳೆಯ ಹೋಲ್ಡರಿಗೇ ಎಲ್‌ಇಡಿ ಬಲ್ಬ್ ಸಿಕ್ಕಿಸಿದರೆ ಸಾಕೇ, ಇಲ್ಲವೇ ಇಡೀ ದೀಪವನ್ನು ಬದಲಿಸಬೇಕೇ? ಬರೀ ಬಲ್ಬ್ ಬದಲಿಸಿದ ಪರಿಚಯದವರೊಬ್ಬರ ಗಾಡಿಯಲ್ಲಿ ಇಂಡಿಕೇಟರ್ ಹುಚ್ಚು ಹಿಡಿದಂತೆ ಮಿನುಗುತ್ತಿದೆ.

ಉತ್ತರ: ನಿಮ್ಮ ಗಾಡಿಗೆ ಹೊಂದುವ ಎಲ್‌ಇಡಿ ದೀಪ ಸಿಗುವುದಾದರೆ ಇಡೀ ದೀಪವನ್ನೇ ಬದಲಿಸಿ. ಆದರೆ ಅದಕ್ಕೂ ಮೊದಲು ಈಗಿರುವ ದೀಪದ ಅರ್ಥ್ ತಂತಿಯನ್ನು, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಯನ್ನು, ಪರೀಕ್ಷಿಸಿ. ಹಳೆಯ ಗಾಡಿಯ ದೀಪ ಮಂಕಾಗಲು ಬಲ್ಬಿಗಿಂತ ತುಕ್ಕೇ ಹೆಚ್ಚು ಕಾರಣ. ತುಕ್ಕು ಹಿಡಿದ ವೈರಿಂಗಿಗೆ ಎಲ್‌ಇಡಿ ಜೋಡಿಸಿದರೆ ಹಳೆಯ ಕಾಯಿಲೆ ಹೊಸ ವೇಷದಲ್ಲಿ ಮರಳಿ ಬರುತ್ತದೆ.

ಪರೀಕ್ಷೆ ಸುಲಭ. ಹಳೆಯ ಬಲ್ಬುಗಳು ಇರುವಾಗಲೇ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ನೀವು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ದೀಪದ ಅರ್ಥ್ ಬಿಂದುವಿಗೆ, ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೆ ಇಡಿ. ಮೀಟರ್ ಸೊನ್ನೆಯ ಹತ್ತಿರ ನಿಲ್ಲಬೇಕು. ಅರ್ಧ ವೋಲ್ಟಿನ ಆಚೆ ಹೋದರೆ ಆ ಜೋಡಣೆಯನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಬೇಕು. ಎಲ್‌ಇಡಿ ಹಾಕಿದ ಮೇಲೆ ಈ ಪರೀಕ್ಷೆ ಅಷ್ಟು ಪ್ರಯೋಜನಕ್ಕೆ ಬರುವುದಿಲ್ಲ. ಅದು ಎಳೆಯುವ ಕರೆಂಟು ತೀರಾ ಕಡಿಮೆಯಾದ್ದರಿಂದ ಕೆಟ್ಟ ಅರ್ಥ್ ಕೂಡ ಮೀಟರಿನಲ್ಲಿ ಒಳ್ಳೆಯದಾಗಿಯೇ ಕಾಣುತ್ತದೆ.

ಇನ್ನು ಬಲ್ಬಿನ ವಿಚಾರ. ಟೇಲ್ (ರಾತ್ರಿ ಸದಾ ಉರಿಯುವ ಹಿಂದಿನ ಬೆಳಕು) ಮತ್ತು ಬ್ರೇಕ್ ಎರಡಕ್ಕೂ ಒಂದೇ ಬಲ್ಬ್ ಇರುವ ದೀಪಗಳಲ್ಲಿ ಸಾಮಾನ್ಯವಾಗಿ 21/5 ವ್ಯಾಟಿನ, ಕಾದು ಬೆಳಗುವ ಎರಡು ತಂತುಗಳ (ಫಿಲಮೆಂಟ್) ಬಲ್ಬ್ ಇರುತ್ತದೆ. ಬ್ರೇಕ್ ತಂತು ಸುಮಾರು 440 ಲ್ಯೂಮೆನ್ ಬೆಳಕು ಕೊಟ್ಟರೆ ಟೇಲ್ ತಂತು ಕೊಡುವುದು ಸುಮಾರು 35 ಮಾತ್ರ. ಹಿಂದೆ ಬರುವವನಿಗೆ ನೀವು ಬ್ರೇಕ್ ಒತ್ತಿದ್ದು ಗೊತ್ತಾಗುವುದೇ ಈ ಅಂತರದಿಂದ. ಅಗ್ಗದ ಎಲ್‌ಇಡಿ ಬಲ್ಬುಗಳು ಸೋಲುವುದು ಇಲ್ಲಿಯೇ. ಟೇಲ್ ಬೆಳಕನ್ನೇ ಕಣ್ಣು ಕುಕ್ಕುವಂತೆ ಮಾಡಿರುತ್ತಾರೆ, ಬ್ರೇಕ್ ಒತ್ತಿದಾಗ ಏರುವುದು ಅಲ್ಪ. ಕತ್ತಲೆಯಲ್ಲಿ ನೋಡಿದರೆ ಬಹಳ ಪ್ರಕಾಶಮಾನ, ಸುರಕ್ಷತೆಯ ದೃಷ್ಟಿಯಿಂದ ಹಳೆಯದಕ್ಕಿಂತ ಕೀಳು.

ಹಳೆಯ ದೀಪದೊಳಗಿನ ಪ್ರತಿಫಲಕವನ್ನು ರೂಪಿಸಿರುವುದೂ ತಂತುವಿಗಾಗಿ. ತಂತು ಒಂದು ನಿಶ್ಚಿತ ಬಿಂದುವಿನಲ್ಲಿ ಕುಳಿತು ಸುತ್ತಲೂ ಬೆಳಕು ಚೆಲ್ಲುತ್ತದೆ, ಪ್ರತಿಫಲಕ ಅದನ್ನು ಹಿಂದಕ್ಕೂ ಪಕ್ಕಕ್ಕೂ ಹಂಚುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕಿನ ಚುಕ್ಕೆಗಳ ಸ್ಥಾನವೂ ದಿಕ್ಕೂ ಬೇರೆ. ಹಾಗಾಗಿ ನೇರ ಹಿಂದೆ ನಿಂತವರಿಗೆ ಉರಿಯುವ ಚುಕ್ಕೆ ಕಾಣುತ್ತದೆ, ಪಕ್ಕದ ಲೇನಿನಲ್ಲಿ ಬರುವವರಿಗೆ ಅರೆಗತ್ತಲೆ. ಬಹಳಷ್ಟು ದೇಶಗಳ ನಿಯಮಗಳು ತಂತು ಬಲ್ಬಿಗೆ ಅನುಮೋದನೆ ಪಡೆದ ದೀಪದೊಳಗೆ ಎಲ್‌ಇಡಿ ಬಲ್ಬನ್ನು ಒಪ್ಪದಿರುವುದಕ್ಕೆ ಇದೇ ಕಾರಣ. ಎಲ್‌ಇಡಿಗಾಗಿಯೇ ವಿನ್ಯಾಸಗೊಂಡ ಪೂರ್ಣ ದೀಪಕ್ಕೆ ಈ ತೊಡಕಿಲ್ಲ. ಅದರ ಗಾಜಿನ ಮೇಲೆ ಅನುಮೋದನೆಯ ಮುದ್ರೆ ಇದೆಯೇ ಎಂದು ಮಾತ್ರ ನೋಡಿ.

ಆದರೂ ಬಲ್ಬನ್ನೇ ಹಾಕುವೆನೆಂದರೆ, ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಿ. ಬಿಳಿ ಎಲ್‌ಇಡಿ ಎಂದರೆ ಮೂಲತಃ ನೀಲಿ ಬೆಳಕಿನ ಮೇಲೆ ಹಳದಿ ಲೇಪನ. ಅದರಲ್ಲಿ ಕೆಂಪಿನ ಪಾಲು ಕಡಿಮೆ, ಉಳಿದದ್ದನ್ನು ಗಾಜು ನುಂಗಿಬಿಡುತ್ತದೆ. ಹೀಗೆ ಹೇಳಿದ ಕೂಡಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವು ಟೇಲ್ ದೀಪಗಳ ಬದಿಯಲ್ಲಿ ಪಾರದರ್ಶಕ ಕಿಟಕಿಯೊಂದಿರುತ್ತದೆ, ನಂಬರ್ ಪ್ಲೇಟಿಗೆ ಬೆಳಕು ಬೀಳುವುದು ಅದರಿಂದಲೇ. ಅಂಥ ದೀಪಕ್ಕೆ ಕೆಂಪು ಎಲ್‌ಇಡಿ ಹಾಕಿದರೆ ಪ್ಲೇಟೂ ಕೆಂಪಾಗುತ್ತದೆ. ಆಗ ಪ್ಲೇಟಿಗೆ ಪ್ರತ್ಯೇಕ ಬಿಳಿ ದೀಪ ಬೇಕು. ಇಡೀ ದೀಪ ಬದಲಿಸುವವರೂ ಹಳೆಯ ಗಾಜಿನಲ್ಲಿದ್ದ, ಬೇರೆ ಗಾಡಿಯ ಬೆಳಕು ಬಿದ್ದರೆ ಹೊಳೆಯುವ ಕೆಂಪು ರಿಫ್ಲೆಕ್ಟರ್ ಹೊಸದರಲ್ಲಿದೆಯೇ ಎಂದು ಗಮನಿಸಬೇಕು. ಇಲ್ಲದಿದ್ದರೆ ಬೇರೆಯಾಗಿ ಅಂಟಿಸಿ. ದೀಪ ಆರಿಸಿ ನಿಲ್ಲಿಸಿದ ಟ್ರಕ್ಕನ್ನು ರಾತ್ರಿ ತೋರಿಸುವುದು ಅದೊಂದೇ.

ಈಗ ಹುಚ್ಚು ಹಿಡಿದ ಇಂಡಿಕೇಟರ್. ಇಂಡಿಕೇಟರನ್ನು ಮಿನುಗಿಸುವ ಫ್ಲಾಷರ್ ರಿಲೇ ತನ್ನ ಮೂಲಕ ಹರಿಯುವ ಕರೆಂಟನ್ನು ಅವಲಂಬಿಸಿದೆ. ತೀರಾ ಹಳೆಯ ಗಾಡಿಗಳಲ್ಲಿ ಕರೆಂಟಿನಿಂದ ಬಿಸಿಯಾಗಿ ಬಾಗುವ ಲೋಹದ ಪಟ್ಟಿಯೇ ದೀಪವನ್ನು ಹತ್ತಿಸಿ ಆರಿಸುತ್ತದೆ. ಎಲ್‌ಇಡಿಯ ಅಲ್ಪ ಕರೆಂಟಿಗೆ ಆ ಪಟ್ಟಿ ಸಾಕಷ್ಟು ಬಿಸಿಯಾಗುವುದಿಲ್ಲ, ದೀಪ ಮಿನುಗದೆ ನಿಂತುಬಿಡುತ್ತದೆ. ನಂತರ ಬಂದ ಎಲೆಕ್ಟ್ರಾನಿಕ್ ಫ್ಲಾಷರುಗಳು ಕರೆಂಟು ಕಡಿಮೆಯಾದರೆ ಒಂದು ಬಲ್ಬ್ ಸುಟ್ಟಿದೆ ಎಂದು ತಿಳಿದು ಎರಡು ಪಟ್ಟು ವೇಗದಲ್ಲಿ ಬಡಿದು ಚಾಲಕನನ್ನು ಎಚ್ಚರಿಸುತ್ತವೆ. ನಿಮ್ಮ ಪರಿಚಯದವರ ಗಾಡಿಯಲ್ಲಿ ನಡೆಯುತ್ತಿರುವುದು ಅದೇ. 21 ವ್ಯಾಟ್ ಇದ್ದ ಕಡೆ ಕೆಲವೇ ವ್ಯಾಟಿನ ದೀಪ ಬಂದಿದೆ, ರಿಲೇ ಅದನ್ನು ಬಲ್ಬ್ ಸತ್ತ ಲೆಕ್ಕಕ್ಕೆ ಹಾಕಿದೆ. ಸರಿಯಾದ ವೇಗ ನಿಮಿಷಕ್ಕೆ 60ರಿಂದ 120 ಮಿನುಗು.

ಪರಿಹಾರ ಎರಡು. ನನ್ನ ಆಯ್ಕೆ ಕರೆಂಟಿನ ಗೊಡವೆಯಿಲ್ಲದೆ ಸಮಯವನ್ನಷ್ಟೇ ಎಣಿಸುವ ಎಲ್‌ಇಡಿ ಫ್ಲಾಷರ್. ಹಳೆಯದಕ್ಕೆ ಎರಡೇ ಪಿನ್ ಇದ್ದರೆ ಹೊಸದಕ್ಕೆ ಹೆಚ್ಚುವರಿಯಾಗಿ ಒಂದು ಅರ್ಥ್ ತಂತಿ ಬೇಕಾಗುತ್ತದೆ. ಪಿನ್ನುಗಳ ಕ್ರಮವೂ ಗಾಡಿಯಿಂದ ಗಾಡಿಗೆ ಬೇರೆಯಾಗುವುದುಂಟು, ಸಿಕ್ಕಿಸುವ ಮುನ್ನ ಹೋಲಿಸಿ.

ಎರಡನೆಯದು ಎಲ್‌ಇಡಿಗೆ ಸಮಾಂತರವಾಗಿ ರೆಸಿಸ್ಟರ್ (ಹಳೆಯ ಬಲ್ಬಿನಷ್ಟೇ ಕರೆಂಟು ಎಳೆಯುವ ಬಿಡಿಭಾಗ) ಜೋಡಿಸುವುದು. ಕೆಲಸ ಮಾಡುತ್ತದೆ, ನನಗೆ ಇಷ್ಟವಿಲ್ಲ. ಎಲ್‌ಇಡಿ ಉಳಿಸಿದ ವಿದ್ಯುತ್ತನ್ನು ಅದು ಶಾಖವಾಗಿ ಚೆಲ್ಲುತ್ತದೆ. 12 ವೋಲ್ಟಿನ ಗಾಡಿಗೆ ಮಾರುವ 6 ಓಮಿನ ರೆಸಿಸ್ಟರ್ 2 ಆಂಪಿಯರ್ ಎಳೆದು 24 ವ್ಯಾಟ್ ಬಿಸಿ ಕಾರುತ್ತದೆ. ಅದೇ ರೆಸಿಸ್ಟರನ್ನು ದೊಡ್ಡ ಟ್ರಕ್ಕುಗಳಲ್ಲಿ ಸಾಮಾನ್ಯವಾದ 24 ವೋಲ್ಟಿಗೆ ಜೋಡಿಸಿದರೆ 96 ವ್ಯಾಟ್! ತಂತಿಯ ಹೊದಿಕೆ ಕರಗಲು ಅಷ್ಟು ಸಾಕು. 24 ವೋಲ್ಟಿನಲ್ಲಿ 21 ವ್ಯಾಟಿನ ಬಲ್ಬನ್ನು ಅನುಕರಿಸಲು ಸುಮಾರು 27 ಓಮ್ ಬೇಕು. ಹಾಕುವುದೇ ಆದರೆ ಲೋಹದ ಚೌಕಟ್ಟಿಗೆ ತಿರುಪಿನಿಂದ ಬಿಗಿಯಿರಿ, ಪ್ಲಾಸ್ಟಿಕ್ಕಿಗಾಗಲಿ ತಂತಿಕಟ್ಟಿಗಾಗಲಿ ತಾಗಿಸಬೇಡಿ.

ಇನ್ನೊಂದು ವಿಚಿತ್ರವೂ ಎದುರಾಗಬಹುದು: ಎಡಕ್ಕೆ ಹಾಕಿದರೆ ಬಲವೂ ಮಿನುಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎರಡೂ ಬದಿಗೆ ಸೇರಿ ಒಂದೇ ಸೂಚಕ ಬಲ್ಬ್ ಇರುವ ಗಾಡಿಗಳಲ್ಲಿ ಆ ಬಲ್ಬ್ ಎಡ ಮತ್ತು ಬಲ ತಂತಿಗಳ ನಡುವೆ ಇರುತ್ತದೆ, ಅದರ ಕರೆಂಟು ಎದುರು ಬದಿಯ ದೀಪಗಳ ಮೂಲಕವೇ ಅರ್ಥ್ ಸೇರುತ್ತದೆ. ತಂತು ಬಲ್ಬಿಗೆ ಆ ಕರೆಂಟು ಲೆಕ್ಕಕ್ಕೇ ಇರಲಿಲ್ಲ, ಎಲ್‌ಇಡಿ ಅಷ್ಟಕ್ಕೇ ಹತ್ತಿಕೊಳ್ಳುತ್ತದೆ. ಎರಡೂ ಬದಿಯಿಂದ ಒಂದೊಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮೂಲಕ ಸೂಚಕಕ್ಕೆ ಕರೆಂಟು ಕೊಟ್ಟು, ಅದರ ಇನ್ನೊಂದು ತುದಿಯನ್ನು ನೇರವಾಗಿ ಅರ್ಥ್‌ಗೆ ಸೇರಿಸಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ತಾಪತ್ರಯ ಏತಕ್ಕೆ ಎಂದರೆ, ಲಾಭ ನಿಜವಾದದ್ದು. ತಂತು ಕಾದು ಪೂರ್ಣ ಬೆಳಕಿಗೆ ಬರಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ, ಎಲ್‌ಇಡಿ ಆ ಕ್ಷಣದಲ್ಲೇ ಹೊತ್ತಿಕೊಳ್ಳುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುತ್ತಿರುವವನಿಗೆ ಅದು ನಾಲ್ಕು ಮೀಟರಿಗೂ ಹೆಚ್ಚಿನ ದೂರ. ಟ್ರಕ್ಕಿನ ಹಿಂಭಾಗದ ನಿರಂತರ ಕುಲುಕಾಟಕ್ಕೆ ತಂತು ತುಂಡಾಗುತ್ತದೆ, ಎಲ್‌ಇಡಿಯಲ್ಲಿ ತುಂಡಾಗುವ ತಂತುವೇ ಇಲ್ಲ. ನೀರು ಒಳಹೋಗದಂತೆ ಮುಚ್ಚಿದ ದೀಪವನ್ನೇ ಆರಿಸಿ. ಹಿಮ ಬೀಳುವ ಪ್ರದೇಶಗಳಲ್ಲಿ ಮಾತ್ರ ಹಳೆಯ ಬಲ್ಬಿನ ಬಿಸಿ ಗಾಜಿನ ಮೇಲಿನ ಹಿಮವನ್ನು ಕರಗಿಸುತ್ತಿತ್ತು, ಈಗ ಕೈಯಿಂದ ಒರೆಸಬೇಕು.

ಜೋಡಣೆಗಳನ್ನು ತಂತಿ ತಿರುಚಿ ಟೇಪು ಸುತ್ತಿ ಮುಗಿಸಬೇಡಿ. ಕ್ರಿಂಪ್ ಮಾಡಿ (ಲೋಹದ ಕೊಂಡಿಯಲ್ಲಿ ತಂತಿಯನ್ನು ಒತ್ತಿ ಬಿಗಿದು), ಒಳಬದಿಗೆ ಅಂಟು ಸವರಿದ, ಬಿಸಿ ಮಾಡಿದರೆ ಕುಗ್ಗುವ ಕೊಳವೆ ಹಾಕಿ. ಟ್ರೈಲರ್ ಎಳೆಯುವವರಾದರೆ ಹೊಸ ಫ್ಲಾಷರ್ ಟ್ರೈಲರಿನ ಬಲ್ಬುಗಳ ಹೊರೆಯನ್ನೂ ತಾಳಬಲ್ಲದೇ ಎಂದು ಅದರ ಮೈಮೇಲೆ ಬರೆದಿರುವ ವ್ಯಾಟ್ ಮಿತಿಯನ್ನು ನೋಡಿಯೇ ಕೊಳ್ಳಿ. ಕರೆಂಟು ಅಳೆಯದ ಫ್ಲಾಷರ್ ಹಾಕಿದ ಮೇಲೆ ಒಂದು ಇಂಡಿಕೇಟರ್ ಕೆಟ್ಟರೂ ಗಾಡಿ ನಿಮಗೆ ಹೇಳುವುದಿಲ್ಲವಾದ್ದರಿಂದ, ಹೊರಡುವ ಮುನ್ನ ಹಿಂದಕ್ಕೆ ಹೋಗಿ ನೋಡುವ ಕೆಲಸ ಇನ್ನು ನಿಮ್ಮದೇ.